ಜೂನ್ ಒಂದರ ಮುತ್ತುಗಳು

ಬಳ್ಳಾರಿಯಲ್ಲಿ ಕಲ್ಲಿಗೇನೂ ಕೊರತೆಯಿಲ್ಲ. ಊರ ನಡುವಿನ ಗುಡ್ಡವೇ ಒಂದು ಕಲ್ಲು. ಬೇಸಿಗೆಯಲ್ಲಿ ಅದು ತಾನೂ ಕಾದು ನಮ್ಮನ್ನೂ ಬೇಯಿಸುತ್ತದೆ. ಅಷ್ಟು ಸಾಲದೆಂದು ಜನ ಬೆರಳಿಗೂ ಕಲ್ಲು ಕಟ್ಟಿಸಿಕೊಳ್ಳುತ್ತಾರೆ. ಮೊದಲು ಇದಕ್ಕೆ ಜೋಯಿಸರು ಬೇಕಿತ್ತು, ರಾಶಿ ನಕ್ಷತ್ರ ಬೇಕಿತ್ತು. ಈಗ ಬಂಗಾರದಂಗಡಿಯ ಗೋಡೆಯ ಮೇಲೆ ಒಂದು ಪಟ್ಟಿ ಇರುತ್ತದೆ. ಹುಟ್ಟಿದ ತಿಂಗಳು ಹೇಳಿದರೆ ಮುಗಿಯಿತು. ಮೇಗೆ ಪಚ್ಚೆ, ಜೂನ್‌ಗೆ ಮುತ್ತು, ಜುಲೈಗೆ ಮಾಣಿಕ್ಯ, ಸೆಪ್ಟೆಂಬರಿಗೆ ನೀಲ. ನೀಲವೆಂದರೆ ಶನಿಯ ಕಲ್ಲು, ಹತ್ತು ಜನರನ್ನು ಕೇಳದೆ ಮುಟ್ಟಬಾರದು ಎಂದು ನಮ್ಮತ್ತೆ ಹೆದರಿಸುತ್ತಿದ್ದರು. ಈಗ ಸೆಪ್ಟೆಂಬರಿನಲ್ಲಿ ಹುಟ್ಟಿದ ಒಂದೇ ಕಾರಣಕ್ಕೆ ಹುಡುಗಿಯರು ಅದನ್ನು ಕಿವಿಗೆ ತೂಗುಹಾಕಿಕೊಂಡು ಸ್ಕೂಟಿ ಓಡಿಸುತ್ತಾರೆ. ಶನಿಯೂ ಕಾಲಕ್ಕೆ ತಕ್ಕಂತೆ ಸುಮ್ಮನಾಗಿರಬೇಕು. ನನಗೆ ಈ ಪಟ್ಟಿಯ ಮೇಲೆ ಯಾವ ಸಿಟ್ಟೂ ಇರಲಿಲ್ಲ, ಹೋದ ತಿಂಗಳು ಈರಮ್ಮ ಮನೆಗೆ ಬರುವವರೆಗೆ.

ಅದಕ್ಕೂ ಮೊದಲು ನನ್ನದೊಂದು ಹಳೆಯ ಅಪರಾಧವನ್ನು ಒಪ್ಪಿಕೊಳ್ಳಬೇಕು. ನಾನು ಹನ್ನೊಂದು ವರ್ಷ ಸಿರುಗುಪ್ಪದ ಆಚೆ, ರಾರಾವಿಯ ಹತ್ತಿರದ ಒಂದು ಹಳ್ಳಿಯಲ್ಲಿ ಪ್ರಾಥಮಿಕ ಶಾಲೆಯ ಟೀಚರಾಗಿದ್ದೆ. ಜೂನ್ ಬಂದರೆ ಮಕ್ಕಳನ್ನು ಸೇರಿಸಿಕೊಳ್ಳುವ ಗದ್ದಲ. ‘ಯಾವಾಗ ಹುಟ್ಟಿದ್ದು?’ ಎಂದು ಕೇಳಿದರೆ ‘ಜ್ವಾಳ ಕೊಯ್ಯಾಗ’ ಎಂದೊಬ್ಬರು, ‘ಹೊಳಿ ತುಂಬಿ ಬಂದಿತ್ತಲ್ರಿ, ಆ ವರ್ಷ’ ಎಂದಿನ್ನೊಬ್ಬರು. ಅರ್ಜಿಯಲ್ಲಿ ಜೋಳಕ್ಕೂ ಹೊಳೆಗೂ ಜಾಗವಿರಲಿಲ್ಲ. ನಾನು ಎಲ್ಲರಿಗೂ ಜೂನ್ ಒಂದು ಎಂದು ಬರೆದೆ. ಲೆಕ್ಕಕ್ಕೆ ಸುಲಭ, ಆರು ವರ್ಷ ತುಂಬಿದ್ದೂ ಆಯಿತು, ನಾಲ್ಕು ಗಂಟೆಯ ಬಸ್ಸೂ ಸಿಕ್ಕಿತು. ಹೀಗೆ ಆ ಭಾಗದ ಅದೆಷ್ಟು ಜನ ಒಂದೇ ದಿನ ಹುಟ್ಟಿದರೋ ನನಗೇ ತಿಳಿಯದು. ಊರಿನ ಸೂಲಗಿತ್ತಿ ಕೂಡ ಅಷ್ಟು ಚುರುಕಾಗಿರಲಿಲ್ಲ.

ಅವರಲ್ಲಿ ಒಬ್ಬಳು ಈರಮ್ಮ. ಈಗ ಕುರುಗೋಡಿನಲ್ಲಿ ಸಂಸಾರ, ಮನೆಯಲ್ಲೇ ರೊಟ್ಟಿ ಬಡಿದು ಅಂಗಡಿಗಳಿಗೆ ಕೊಡುತ್ತಾಳೆ. ಮಗಳು ಬಳ್ಳಾರಿಯ ಆಸ್ಪತ್ರೆಯೊಂದರಲ್ಲಿ ನರ್ಸು. ಒಂದು ಪೊಟ್ಟಣ ಸಜ್ಜೆ ರೊಟ್ಟಿ ಹಿಡಿದು ಬಂದವಳು ಅದನ್ನು ಟೇಬಲ್ಲಿನ ಮೇಲಿಟ್ಟು ಸೀದಾ ವಿಷಯಕ್ಕೆ ಬಂದಳು.

“ಅಕ್ಕೋರ, ಮಗಳು ನನಗ ಹುಟ್ಟಿದ ತಿಂಗಳದ ಕಲ್ಲಿನ ಉಂಗುರ ಕೊಡಸ್ತೀನಿ ಅಂತ ಕುಂತಾಳ. ನಾ ಖರೇ ಯಾವಾಗ ಹುಟ್ಟೀನ್ರಿ?”

“ಜೂನ್ ಒಂದಲ್ಲೇನು?” ಎಂದೆ. ನಾಚಿಕೆ ಇರಲಿಲ್ಲ ನೋಡಿ ನನಗೆ.

“ಅದು ನೀವು ಬರದದ್ರಿ. ನನ್ನ ಗಂಡಂದೂ ಜೂನ್ ಒಂದ, ನೆಗೆಣ್ಣಿದೂ ಜೂನ್ ಒಂದ, ತಂಗಿದೂ ಅದ. ಎಲ್ಲಾರೂ ಮುತ್ತ ಹಾಕ್ಕೊಂಡ್ರ ನಂದು ಅಂತ ಏನೈತ್ರಿ? ಸಾಲಿಗೆ ಸೇರ್ಸಾಕ ಬಂದಾಗ ಮನಿಯವರು ನಿಮ್ಮ ಮುಂದ ಏನರ ಹೇಳಿರಬೇಕಲ್ರೀ. ಅಪ್ಪ ಅವ್ವ ಇಬ್ರೂ ಹೋದ್ರು. ಕೇಳಿದಾಕಿ ಅಂತ ಉಳದದ್ದು ನೀವೊಬ್ರ.”

ಮೂವತ್ತೈದು ವರ್ಷದ ಹಿಂದಿನ ಮಾತು. ನಾನು ಕಣ್ಣು ಮುಚ್ಚಿ ನೆನಪು ಮಾಡಿಕೊಂಡೆ. ಆ ಶಾಲೆಯ ಕುಂಟು ಕುರ್ಚಿ ನೆನಪಾಯಿತು. ಮಸಿ ಸೋರಿ ಹಾಳಾದ ನನ್ನ ಹೊಸ ಸೀರೆ ನೆನಪಾಯಿತು, ಅದರ ಅಂಚು ಸಮೇತ. ಹೆಡ್‌ಮಾಸ್ಟರು ತೆಲುಗಿನಲ್ಲಿ ಗೊಣಗುತ್ತಿದ್ದದ್ದೂ ನೆನಪಾಯಿತು. ಆದರೆ ಯಾರದೋ ಮಗು ಹುಟ್ಟಿದ ದಿನದ ಬಗ್ಗೆ ಯಾರೋ ಹೇಳಿದ ಮಾತು ಮಾತ್ರ ಒಂದಕ್ಷರವೂ ಉಳಿದಿರಲಿಲ್ಲ. ಕೇಳಿಸಿಕೊಂಡಿದ್ದರೆ ತಾನೆ ಉಳಿಯುವುದು. ಎದುರಿಗೆ ಕೂತವಳು ನಾನು ಕೊಟ್ಟ ಚಹಾ ಮುಟ್ಟದೆ ನನ್ನ ಮುಖವನ್ನೇ ನೋಡುತ್ತಿದ್ದಳು. ನನಗೆ ಬಹಳ ಕೆಟ್ಟದೆನಿಸಿತು. ನೆನಪಿಲ್ಲ ಎನ್ನಲು ನಾಲಿಗೆ ಏಳಲಿಲ್ಲ.

“ನಿನಗ ಯಾವ ಬಣ್ಣ ಸೇರತೈತಿ?” ಎಂದೆ, ಬೇರೇನೋ ಕೇಳುವವಳಂತೆ.

“ಹಸರು ರಿ.”

ಪಚ್ಚೆ. ಮೇ ತಿಂಗಳು. ಅಲ್ಲಿಂದ ಹಿಂದಕ್ಕೆ ನಡೆದು ಹೆರಿಗೆಯವರೆಗೆ ಹೋಗುವುದು ಕಷ್ಟವಾಗಲಿಲ್ಲ.

“ಈಗ ನೆನಪಾತು ನೋಡು. ನಿಮ್ಮವ್ವ ಹೇಳಿದ್ಲು. ಬಸವ ಜಯಂತಿ ಆಗಿ ಎಂಟು ದಿನಕ್ಕ ಹುಟ್ಟಿದ್ದಿ. ಹೊಳಿ ಬತ್ತಿತ್ತಂತ, ಉಸುಕಿನ್ಯಾಗ ವರತಿ ತೋಡಿ ನೀರು ತಂದಿದ್ರಂತ. ನನ್ನ ಕುರ್ಚಿ ಬಾಜೂಕ ನಿಂತು, ನಿನ್ನ ಕೈ ಹಿಡಕೊಂಡು ಹೇಳಿದ್ಲು.”

ಎಂಟೇ ದಿನ ಯಾಕೆ ಎಂದು ಕೇಳಬೇಡಿ. ಒಂದು ಅಂಕಿ ಸೇರಿಸಿದರೆ ಸುಳ್ಳು ಕೂಡಲೇ ದಾಖಲೆಯಾಗುತ್ತದೆ. ಇದು ನೌಕರಿಯಲ್ಲಿ ಕಲಿತದ್ದು. ಈರಮ್ಮ ಆರಿದ ಚಹಾವನ್ನು ಒಂದೇ ಗುಟುಕಿಗೆ ಕುಡಿದು, “ಮೇ ಅಂದಂಗಾತು. ಪಚ್ಚಿ” ಎಂದಳು. ಮಗಳಿಗೆ ಫೋನು ಹಚ್ಚಿ ಅದನ್ನೇ ಹೇಳಿದಳು. ಬಸವ ಜಯಂತಿಯನ್ನೂ ಬಿಡಲಿಲ್ಲ, ವರತಿಯನ್ನೂ ಬಿಡಲಿಲ್ಲ. ಒಬ್ಬಳಿಗೆ ಹುಟ್ಟಿದ ಹಬ್ಬ ಕೊಟ್ಟ ಸಂತೋಷದಲ್ಲಿ ನಾನು ಇನ್ನೊಂದು ಲೋಟ ಚಹಾ ಕೊಡಲು ಎದ್ದೆ. ಬೇಡವೆಂದು ಆಕೆಯೂ ಎದ್ದಳು.

ಹೊರಗೆ ಚಪ್ಪಲಿ ಮೆಟ್ಟುತ್ತ, ತಲೆ ಎತ್ತದೆ ಹೇಳಿದಳು:

“ಅಕ್ಕೋರ, ನಮ್ಮವ್ವ ಒಂದಿನಾನೂ ಸಾಲಿ ಕಟ್ಟಿ ಹತ್ತಿದಾಕಿ ಅಲ್ರಿ. ನನ್ನ ಸೇರ್ಸಾಕ ಬಂದಾಂವ ನಮ್ಮ ಸೋದರಮಾವ, ಆಂವನೂ ಈಗಿಲ್ರಿ. ಆಂವ ಏನರ ಹೇಳಿರ್ತಾನ ಅಂತ ಕೇಳಾಕ ಬಂದಿದ್ದೆ.”

ನಾನು ಬಾಗಿಲು ದಾಟಿ ಅವಳ ಹಿಂದೆ ಬಿಸಿಲಿಗೆ ಇಳಿದೆ.

“ಇರ್ಲಿ ಬಿಡ್ರಿ. ಅವ್ವ ಬಂದು ಕೈ ಹಿಡಕೊಂಡು ನಿಂತಿದ್ಲು ಅಂದ್ರಲ್ಲ, ಅದು ಚಲೋ ಐತಿ. ಮಗಳಿಗೆ ಹಂಗ ಹೇಳೀನಿ. ಬಿಸಲಾಗ ನಿಲ್ಲಬ್ಯಾಡ್ರಿ, ಒಳಗ ನಡೀರಿ.”

ಸುಳ್ಳು ಹೇಳಬಾರದು ಎಂದು ಅವಳಿಗೆ ಬೋರ್ಡಿನ ಮೇಲೆ ಬರೆದು, ಹತ್ತು ಸಲ ಹೇಳಿಸಿ ಕಲಿಸಿದವಳು ನಾನೇ. ಸುಳ್ಳು ಹೇಳಿದವರನ್ನು ನಾಚಿಸಬಾರದು ಎಂಬುದನ್ನು ಅವಳು ಎಲ್ಲಿ ಕಲಿತಳೋ. ನನ್ನ ಶಾಲೆಯಲ್ಲಂತೂ ಅಲ್ಲ.