ನಲವತ್ತು ಪಟ್ಟು ಲಾಂಡ್ರಿ

ಇನ್ನೊಂದೇ ವರ್ಷ, ಆಮೇಲೆ ತಾವು ಪರರ ಕೊಳೆ ಬಟ್ಟೆ ಮುಟ್ಟುವವರಲ್ಲ ಎಂದು ಲಾಂಡ್ರಿ ಯಜಮಾನರು ಊಟಕ್ಕೆ ಕೂತಾಗ ಘೋಷಿಸಿದರು. ಅಂಗಡಿಯಲ್ಲಿನ ತಮ್ಮ ಅರ್ಧ ಪಾಲನ್ನು, ಉಳಿದರ್ಧದ ಪಾಲುದಾರನಾದ ಭಾವಮೈದುನನಿಗೇ ಮಾರಿ, ಷೇರು ಕೊಂಡು, ಕಾಲ ಮೇಲೆ ಕಾಲು ಹಾಕಿ ಕೂರುವುದು ಅವರ ಯೋಜನೆ. ಕೂರಲು ಒರಗು ಕುರ್ಚಿಯೂ ಬಂದಾಗಿತ್ತು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವ ಪೈಕಿ ಅವರು.

ಈ ಧೈರ್ಯ ಕೊಟ್ಟದ್ದು ಪಿಇ ಅನುಪಾತ. ಷೇರಿನ ಬೆಲೆ ಅದರ ವರ್ಷದ ಲಾಭದ ಎಷ್ಟು ಪಟ್ಟು ಎಂಬ ಸರಳ ಲೆಕ್ಕ. ದೊಡ್ಡ ಲಾಂಡ್ರಿ ಕಂಪನಿಯೊಂದು ಲಾಭದ ನಲವತ್ತು ಪಟ್ಟು ಬೆಲೆ ಬಾಳುತ್ತದೆಂದು ಟಿ.ವಿ.ಯಲ್ಲಿ ಕೇಳಿದ ದಿನದಿಂದ ಯಜಮಾನರ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಅವರೂ ಒಗೆಯುತ್ತಾರೆ, ನಾವೂ ಒಗೆಯುತ್ತೇವೆ, ಅವರ ನೊರೆಗೇನು ಕೊಂಬಿದೆಯೇ?

ತೊಡಕು ಒಂದೇ. ಅಂಗಡಿಗೆ ಲಾಭವೆಂಬುದೇ ಇರಲಿಲ್ಲ, ಬಂದದ್ದು ಖರ್ಚಿಗೆ ಸರಿಹೋಗುತ್ತಿತ್ತು. ಆದರೇನು, ಒಂದು ಕಾಸು ಉಳಿಸಿದರೆ ಬೆಲೆ ನಲವತ್ತು ಕಾಸು ಏರುತ್ತದಲ್ಲ! ಮೊದಲು ಸೋಪಿನ ಪುಡಿ ಅರ್ಧಕ್ಕಿಳಿಯಿತು. ಡಾಕ್ಟರೊಬ್ಬರ ಬಿಳಿ ಕೋಟು ಕಾಮಾಲೆ ಹತ್ತಿದ ಹಾಗೆ ಹಿಂತಿರುಗಿತು. ಹೊಸ ಕೋಟು ಕೊಡಿಸುವುದರಲ್ಲಿ ಪುಡಿಯ ಉಳಿತಾಯವೆಲ್ಲ ಪುಡಿಪುಡಿಯಾಯಿತು.

ಆಮೇಲೆ ಕೌಂಟರಿನ ಗುಮಾಸ್ತನನ್ನು ಮನೆಗೆ ಕಳಿಸಿ, ಅಲ್ಲಿ ಹೆಂಡತಿಯನ್ನು ನಿಲ್ಲಿಸಿದರು. ಸಂಬಳದ ಮಾತು ಅವರೂ ಎತ್ತಲಿಲ್ಲ, ಆಕೆಯೂ ಕೇಳಲಿಲ್ಲ. ಆಕೆ ತನ್ನ ಹೊಲಿಗೆ ಯಂತ್ರಕ್ಕೆ ಬಟ್ಟೆ ಮುಚ್ಚಿ ಬಂದು, ಬೆಳಗಿನಿಂದ ಸಂಜೆಯವರೆಗೆ ನಿಂತು, ಗುಂಡಿ ಕಳೆದುಕೊಂಡವರ ಬೈಗುಳವನ್ನೆಲ್ಲ ಕೇಳಿಸಿಕೊಂಡಳು. ಕಾಲು ಊದಿಕೊಂಡವು. ವರ್ಷ ತುಂಬುವಷ್ಟರಲ್ಲಿ ಲಾಭ ಮೂಡಿತು! ಯಜಮಾನರು ತಮ್ಮ ಬೆನ್ನನ್ನು ತಾವೇ ತಟ್ಟಿಕೊಂಡರು.

ವ್ಯಾಪಾರದ ಮಾತಿಗೆ ಕೂತದ್ದು ಅಂಗಡಿಯಲ್ಲೇ. ಭಾವಮೈದುನ ಇಸ್ತ್ರಿ ಪೆಟ್ಟಿಗೆಯನ್ನು ನಿಲ್ಲಿಸಿಟ್ಟು, ಭಾವನ ಪಿಇ ಪ್ರವಚನವನ್ನು ಆಕಳಿಸದೆ ಕೇಳಿದ. ಕೊನೆಗೆ ತಲೆ ಕೆರೆದುಕೊಂಡ.

"ನಲವತ್ತು ಪಟ್ಟು ಆಗ್ಲಿ ಭಾವ. ನೀವು ಬಿಟ್ಟ ಮೇಲೆ ಅಕ್ಕ ಕೌಂಟರಿಗೆ ಬರ್ತಾಳಾ?"

"ಷೇರುದಾರನ ಹೆಂಡತಿ ಕಂಡವರ ಕೌಂಟರಲ್ಲಿ ಯಾಕಪ್ಪಾ ನಿಲ್ತಾಳೆ? ಯಾರನ್ನಾದ್ರೂ ಇಟ್ಕೊ."

"ಅವರಿಗೆ ಸಂಬಳ ಕೊಟ್ಮೇಲೆ ಲಾಭ ಎಷ್ಟು ಉಳಿಯುತ್ತೆ?"

ಯಜಮಾನರು ಕೂಡಿದರು, ಕಳೆದರು, ಕನ್ನಡಕ ಒರೆಸಿಕೊಂಡು ಮತ್ತೆ ಕಳೆದರು. ಪಿಇ ಅಂಥ ಚಿಲ್ಲರೆ ವಿಷಯಗಳಿಗೆಲ್ಲ ತಲೆ ಹಾಕುವುದಿಲ್ಲವೆಂದು ಗೊಣಗಿದರು.

"ಸೊನ್ನೆಗೆ ನಲವತ್ತು ಪಟ್ಟೇ ಯಾಕೆ ಭಾವ, ನಾನೂರು ಪಟ್ಟು ಹಾಕಿ. ಈಗ್ಲೇ ತಗೊಳ್ತೀನಿ."

ಯಜಮಾನರಿಗೆ ಮುಖ ಎಲ್ಲಿಡುವುದೆಂದು ತಿಳಿಯಲಿಲ್ಲ. ಒರಗು ಕುರ್ಚಿ ಕಣ್ಣೆದುರೇ ದೂರ ದೂರ ಸರಿಯಿತು. ಮುಳುಗುವವನಿಗೆ ಹುಲ್ಲುಕಡ್ಡಿಯೇ ಆಸರೆ, ಅವರು ಹೆಂಡತಿಯ ಕಡೆ ತಿರುಗಿದರು.

"ನೀನಾದ್ರೂ ನಿನ್ನ ತಮ್ಮನಿಗೆ ಹೇಳೇ. ವರ್ಷವಿಡೀ ಲಾಭ ಬಂದಿಲ್ವಾ? ಕಣ್ಣಾರೆ ನೋಡಿದ್ದೀಯಲ್ಲ."

ಆಕೆ ಕೈಯಲ್ಲಿದ್ದ ಅಂಗಿಯನ್ನು ಮಡಿಸಿಟ್ಟು ಕೌಂಟರಿನಿಂದ ಹೊರಬಂದಳು. ಗಂಡನ ಹೆಗಲು ಹಿಡಿದು, ತಾನು ನಿಂತಿದ್ದ ಜಾಗದಲ್ಲಿ ಅವರನ್ನು ನಿಲ್ಲಿಸಿದಳು. ನಾಲ್ಕು ಜನ ಗಿರಾಕಿಗಳು ಕಾಯುತ್ತಿದ್ದರು.

"ಅದು ಲಾಭ ಅಲ್ಲ ರೀ, ನನ್ನ ಸಂಬಳ. ನಲವತ್ತು ಪಟ್ಟೇನೂ ಬೇಡ. ಒಂದು ಪಟ್ಟು ಕೊಡಿ, ಸಾಕು."