ನೀರಿನ ಟ್ಯಾಂಕಿನ ಮೇಲಿನ ಅರುಂಧತಿ

"ಅಂಬುಜಕ್ಕ, ಇವತ್ತಿಗೆ ನಿಮ್ಮ ಬೀಗಿತ್ತಿ ಬಾಯಿ ಬಂದ್!" ಎನ್ನುತ್ತ ಚಿದಂಬರ ತನ್ನ ಹೊಸ ಯಂತ್ರದ ಮೇಲಿದ್ದ ಟವೆಲ್ ಎಳೆದ. ಟವೆಲ್ ನೋಡಿಯೇ ನನಗೆ ಅನುಮಾನ ಬಂತು. ಅದು ನಮ್ಮನೆಯದು.

ಪಕ್ಕದ ಮನೆಯ ಈ ಚಿದಂಬರ ಮದುವೆ ವಿಡಿಯೊ ಮಾಡುತ್ತಾನೆ, ಬಿಡುವಾದರೆ ಏನಾದರೂ ಕಂಡುಹಿಡಿಯುತ್ತಾನೆ. ನಮ್ಮ ಮನೆ ಮುಂದಿನ ಚಪ್ಪರದಲ್ಲಿ ನಡೆದ ಮಗಳು ಮೈತ್ರಿಯ ಮದುವೆಗೂ ಅವನದೇ ಕ್ಯಾಮೆರಾ. ಪುರೋಹಿತರು ಎಂದಿನಂತೆ ಮಟಮಟ ಮಧ್ಯಾಹ್ನ ಅರುಂಧತಿ ನಕ್ಷತ್ರ ತೋರಿಸಿದರು. ವಿಡಿಯೊದಲ್ಲಿ ನೋಡಿದರೆ ಅವರ ಬೆರಳ ನೇರಕ್ಕಿದ್ದದ್ದು ನಮ್ಮ ತಾರಸಿಯ ನೀರಿನ ಟ್ಯಾಂಕು! ಬೀಗಿತ್ತಿ ಕಾತ್ಯಾಯಿನಮ್ಮ ಪಟ್ಟು ಹಿಡಿದರು: "ಅರುಂಧತಿ ಕಾಣದ ಮದುವೆ ಎಂಥ ಮದುವೆ? ಕಾಣೋ ತನಕ ಸೊಸೆ ಅಲ್ಲೇ ಇರ್ಲಿ." ಅಳಿಯ ಅವರ ಮನೆಯಲ್ಲಿ, ಮಗಳು ನನ್ನ ಅಡುಗೆಮನೆಯಲ್ಲಿ ಅಳುತ್ತ ಕೂತಿದ್ದಳು. ನನ್ನ ಸಂಕಟ ಯಾರಿಗೆ ಹೇಳಲಿ!

"ಮದುವೆ ವಿಡಿಯೊದ ಬೆಳಕನ್ನೆಲ್ಲ ಬೇರೆ ಬೇರೆ ಲೇಯರ್, ಅಂದ್ರೆ ಪದರ ಮಾಡಿದೀನಿ. ಇದು ಸೂರ್ಯನ ಗುಂಡಿ, ಇದು ಮದುಮಗಳ ಮುಖದ್ದು, ಇದು ನಾನೇ ಕಂಪ್ಯೂಟರಲ್ಲಿ ಬಿಡಿಸಿ ರೆಂಡರ್ ಮಾಡಿದ ಅರುಂಧತಿ. ಸೂರ್ಯನ್ನ ಇಳಿಸಿ ಅವಳನ್ನ ಏರಿಸಿದ್ರೆ ಮುಗೀತು!"

"ಈ ವೈರು ಯಾಕೋ ತಾರಸಿಗೆ ಹೋಗಿದೆ?"

"ನಿಜವಾದ ಬಿಸಿಲಿನ ಬಣ್ಣಕ್ಕೆ ಹೊಂದಿಸೋಕೆ. ನಿಮಗೆ ಎಲ್ಲದರಲ್ಲೂ ಅನುಮಾನ!"

ವಿಡಿಯೊ ನೋಡಲು ಕರೆಸಿದ್ದ ಕಾತ್ಯಾಯಿನಮ್ಮ ಬಂದು ಪರದೆಯ ಮುಂದೆ ಕೂತರು. ಚಿದಂಬರ ಸೂರ್ಯನನ್ನು ಇಳಿಸಿದ. ಪರದೆಯಲ್ಲಿ ಕತ್ತಲಾಯಿತು. ಕಿಟಕಿಯಲ್ಲೂ! ಕಾಗೆಗಳು ಗೂಡಿಗೆ ಹೊರಟವು, ಎದುರುಮನೆಯವರು ಹೊಸ್ತಿಲಿಗೆ ದೀಪ ಇಟ್ಟರು.

"ಕರೆಂಟ್ ಹೋಯ್ತಾ?" ಬೀಗಿತ್ತಿ ಕೇಳಿದರು.

"ಸೂರ್ಯ ಹೋದ," ಎಂದೆ.

ಚಿದಂಬರ ಗಾಬರಿಯಲ್ಲಿ ಪಕ್ಕದ ಗುಂಡಿ ತಿರುಗಿಸಿದ. ಮದುಮಗಳ ಮುಖದ ಬದಲು ಬೀಗಿತ್ತಿಯ ಮುಖ ಟ್ಯೂಬ್‌ಲೈಟಿನಂತೆ ಹತ್ತಿಕೊಂಡಿತು! ಬೀದಿಯ ಹುಳುಗಳೆಲ್ಲ ಒಳಗೆ ನುಗ್ಗಿದವು.

"ಆರಿಸೋ! ನನ್ನ ಮೊದಲು ಆರಿಸೋ!"

ಸಿಕ್ಕಿದ್ದೆಲ್ಲ ಒತ್ತಿ, ಕೊನೆಗೆ ಪ್ಲಗ್ಗನ್ನೇ ಕಿತ್ತ. ಬಿಸಿಲು ಮರಳಿತು, ಬೀಗಿತ್ತಿ ಆರಿದರು. ಆದರೆ ಅಂಗಳಕ್ಕೆ ಬಂದು ನೋಡಿದರೆ ಆಕಾಶದಲ್ಲಿ, ನಮ್ಮ ಟ್ಯಾಂಕಿನ ಸರಿ ಮೇಲೆ, ಹಗಲಲ್ಲೇ ಒಂದು ನಕ್ಷತ್ರ ಹೊಳೆಯುತ್ತಿತ್ತು!

ಮೈತ್ರಿ ಕಣ್ಣೊರೆಸಿಕೊಂಡು ಓಡಿ ಬಂದಳು. ಕಾತ್ಯಾಯಿನಮ್ಮ ಹಣೆಗೆ ಕೈ ಅಡ್ಡ ಹಿಡಿದು ತುಂಬ ಹೊತ್ತು ನೋಡಿದರು.

"ಅರುಂಧತಿ ಸರಿ. ಪಕ್ಕದಲ್ಲಿ ವಸಿಷ್ಠರು ಎಲ್ಲಿ? ಗಂಡನ್ನ ಬಿಟ್ಟು ಒಬ್ಬಳೇ ನಿಂತಿದ್ದಾಳಲ್ಲ, ಇದ್ಯಾವ ಲಕ್ಷಣ?"

ನನಗೆ ರೇಗಿಹೋಯಿತು. "ನಿಮ್ಮ ಸೊಸೇನೂ ಹಾಗೇ ನಿಂತಿದ್ದಾಳೆ, ಬೀಗಿತ್ತಿಯೋರೆ."

ಕಾತ್ಯಾಯಿನಮ್ಮ ಒಳಗೆ ಹೋಗಿ ಸೊಸೆಯ ಪೆಟ್ಟಿಗೆಯನ್ನು ತಾವೇ ಹೊರಗೆ ತಂದಿಟ್ಟರು. ಸಂಜೆಯ ಬಸ್ಸಿಗೆ ಮೈತ್ರಿಯನ್ನು ಕರೆದುಕೊಂಡು ಹೋದರು.

ನಕ್ಷತ್ರ ಇನ್ನೂ ಅಲ್ಲೇ ಇದೆ. ಚಿದಂಬರ ಈಗ ವಸಿಷ್ಠರನ್ನು ರೆಂಡರ್ ಮಾಡುತ್ತಿದ್ದಾನೆ ಎಂದು ನನ್ನ ಅನುಮಾನ. ಹಿತ್ತಿಲಲ್ಲಿ ಒಣಹಾಕಿದ್ದ ಟವೆಲ್ ಮತ್ತೆ ಕಾಣುತ್ತಿಲ್ಲ.