ನುಣುಪು ಶೀಟು, ತರಿ ಶೀಟು

ಹೆಂಡತಿಯ ಮಾತು ಕೇಳಬಾರದೆಂದು ನಾನು ಯಾವತ್ತೂ ಹಟ ಹಿಡಿದವನಲ್ಲ. ಅವಳು ಹೇಳುವ ಹೊತ್ತಿಗೆ ನನ್ನ ತೀರ್ಮಾನ ಆಗಿಹೋಗಿರುತ್ತದೆ, ಅಷ್ಟೆ.

ಕೋಲಾರದ ಹೈಸ್ಕೂಲಿನಲ್ಲಿ ಆಗ ನಾನು ವಿಜ್ಞಾನದ ಮೇಷ್ಟ್ರು. ಎರಡು ಸಾವಿರದ ಇಸವಿ ಕಳೆದ ಮೇಲೆ ಕ್ಯಾಲನೂರಿನ ನಮ್ಮ ಹೊಲದಲ್ಲೊಂದು ಹೊಂಡ ತೋಡಿಸಿದೆ. ಬೋರ್‌ವೆಲ್‌ನಿಂದ ಶನಿವಾರ ತುಂಬಿಸಿದ ನೀರು ಸೋಮವಾರಕ್ಕೆ ಇಂಗಿಹೋಗುತ್ತಿತ್ತು. ತಳಕ್ಕೆ ಪ್ಲಾಸ್ಟಿಕ್ ಶೀಟು ಹಾಸದೆ ಟೊಮೇಟೊ ಉಳಿಯುವ ಹಾಗಿರಲಿಲ್ಲ.

ಅಂಗಡಿಯವನು ಎರಡು ತುಂಡು ಮುಂದಿಟ್ಟ. ಒಂದು ಕನ್ನಡಿಯಂತೆ ನುಣುಪು, ಇನ್ನೊಂದು ಮುಟ್ಟಿದರೆ ತರಿತರಿ. “ನೀರು ಎರಡರಲ್ಲೂ ನಿಲ್ಲುತ್ತೆ ಸಾರ್. ದಡ ಕಡಿದಾಗಿದ್ರೆ ತರಿ ಇರೋದು ಒಳ್ಳೇದು” ಎಂದ. ನನ್ನ ಹೆಂಡತಿ ಲಲಿತ ತರಿಯ ತುಂಡನ್ನು ಸವರಿ, “ಇದೇ ಇರ್ಲಿ ಕಣ್ರೀ, ಕಾಲು ನಿಲ್ಲುತ್ತೆ” ಎಂದಳು. ಹೊಂಡ ಇರುವುದು ನೀರು ನಿಲ್ಲುವುದಕ್ಕೆ, ಕಾಲು ನಿಲ್ಲುವುದಕ್ಕಲ್ಲ ಎಂದು ವಿವರಿಸಿ ನಾನು ನುಣುಪಿನದನ್ನೇ ತಂದೆ. ಘರ್ಷಣೆ ಎಂಬ ಪಾಠವನ್ನು ಹದಿನೆಂಟು ವರ್ಷ ಒಪ್ಪಿಸಿದವನು ನಾನು.

ನೀರು ನಿಂತಿತು. ಒಂದು ಭಾನುವಾರ ತೇಲುತ್ತಿದ್ದ ಹೊಂಗೆ ಎಲೆ ತೆಗೆಯಲು ಬಗ್ಗಿದೆ. ಮರುಕ್ಷಣ ಎದೆಮಟ್ಟದ ನೀರಿನಲ್ಲಿದ್ದೆ. ಹತ್ತಲು ಹೋದರೆ ಎರಡು ಹೆಜ್ಜೆ ಮೇಲೆ, ಮೂರು ಹೆಜ್ಜೆ ಕೆಳಗೆ. ನಾಲ್ಕೂ ದಡ ಪ್ರಯತ್ನಿಸಿದೆ. ನಾಲ್ಕೂ ಒಂದೇ ಗುಣಮಟ್ಟದವು. ಕೈಕಾಲು ಸೋಲುತ್ತ ಬಂದಾಗ ನಿಜವಾಗಿ ಭಯವಾಯಿತು.

ಅಷ್ಟರಲ್ಲಿ ಪಕ್ಕದ ಹೊಲದ ಮುನಿವೆಂಕಟಪ್ಪ ಹಸು ಹಿಡಿದುಕೊಂಡು ಬಂದ. “ಏಮಿ ಮೇಷ್ಟ್ರೇ, ನೀರಿಗಿಳಿದಿದೀರಿ?”

“ಆಳ ನೋಡ್ತಾ ಇದೀನಪ್ಪ” ಎಂದೆ.

ಅವನು ನಂಬಿದ. ಬೀಡಿ ಹಚ್ಚಿ ದಡದ ಮೇಲೆ ಕೂತು, ಡೈರಿಯವರು ಹಾಲಿನಲ್ಲಿ ಕೊಬ್ಬು ಕಮ್ಮಿ ಅಂತಾರೆಂದು ತನ್ನ ಹಸುವಿನ ಪರವಾಗಿ ವಾದಿಸತೊಡಗಿದ. ಹಲ್ಲು ಕಟಕಟ ಎನ್ನುತ್ತಿದ್ದರೂ ನಾನು ಹೂಂಗುಟ್ಟಿದೆ. ಬೀಡಿ ಮುಗಿಸಿ ಅವನು ಎದ್ದಾಗ ಮಾತ್ರ ನನ್ನ ಮರ್ಯಾದೆ ಕೈಕೊಟ್ಟಿತು. “ವೆಂಕಟಪ್ಪ, ಹೋಗ್ಬೇಡ. ಹಗ್ಗ ಇದ್ರೆ ಹಾಕು.”

ಅವನು ಏನೂ ಕೇಳದೆ ಹಸುವಿನ ಹಗ್ಗ ಬಿಚ್ಚಿ ತಂದು ಎಳೆದ. ಮರುವಾರ ಒಂದು ದಡಕ್ಕೆ ತರಿ ಶೀಟು ಹಾಸಿಸಿದೆ.

ವರ್ಷ ಕಳೆದು ಅವನೂ ಹೊಂಡ ತೋಡಿಸಿ, ಯಾವ ಶೀಟು ಹಾಕಲಿ ಎಂದು ಕೇಳಲು ಮನೆಗೆ ಬಂದ. ತರಿ ಶೀಟಿನ ಗುಣಗಳನ್ನು ನಾನು ಅರ್ಧ ಗಂಟೆ ವಿವರಿಸಿದೆ. “ಓದಿದೋರು ಓದಿದೋರೇ, ಎಲ್ಲಾ ಮೊದ್ಲೇ ಯೋಚಿಸಿರ್ತೀರಿ” ಎಂದ. ಕಾಫಿ ತಂದುಕೊಟ್ಟ ಲಲಿತ ನಾನೇನು ಉತ್ತರ ಕೊಡುತ್ತೇನೋ ಎಂದು ಬಾಗಿಲಲ್ಲೇ ನಿಂತಳು. ಕಾಫಿ ಬಿಸಿಯಿತ್ತು, ನಾನು ಕುಡಿಯುತ್ತಲೇ ಇದ್ದೆ.